ಟೂಲಿನ ವಿವರಣೆಯಲ್ಲಿ ಬರೆಯದೇ ಬಿಟ್ಟದ್ದನ್ನು ಏಜೆಂಟ್ ಊಹಿಸುತ್ತದೆ

ಪ್ರಶ್ನೆ: ನಾನು ಹಾವೇರಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗೆ ಹಾಲು ಸಂಗ್ರಹಣೆ ಮತ್ತು ಬಿಲ್ಲಿನ ತಂತ್ರಾಂಶ ಮಾಡಿಕೊಡುತ್ತೇವೆ. ಸಂಘದ ಕಾರ್ಯದರ್ಶಿಗಳು ಕನ್ನಡದಲ್ಲೇ ಕೇಳಿ ಉತ್ತರ ಪಡೆಯಲಿ ಎಂದು ಈಚೆಗೆ ಎಐ ಏಜೆಂಟ್ (ಪ್ರಶ್ನೆ ಓದಿ, ಬೇಕಾದ ಕೆಲಸವನ್ನು ತಾನೇ ಕರೆದು ಉತ್ತರಿಸುವ ಭಾಷಾ ಮಾಡೆಲ್) ಜೋಡಿಸಿದೆವು. ನಮ್ಮ 34 ಎಪಿಐಗಳನ್ನೂ (ಬೇರೆ ತಂತ್ರಾಂಶ ನಮ್ಮದನ್ನು ಕರೆಯುವ ದಾರಿಗಳನ್ನು) ಎಂಸಿಪಿ ಎಂಬ ಜೋಡಣೆಯ ಮೂಲಕ ಏಜೆಂಟ್ ಕರೆಯಬಲ್ಲ ಟೂಲ್‌ಗಳಾಗಿ ಕೊಟ್ಟಿದ್ದೇವೆ. ಅದು ಎಷ್ಟೋ ಸಲ ತಪ್ಪು ಟೂಲ್ ಕರೆಯುತ್ತದೆ, ದಿನಾಂಕ ಅದಲುಬದಲು ಮಾಡುತ್ತದೆ, ಹಾಲು ಹಾಕಿದವರಿಗೂ ‘ಈ ದಿನ ಹಾಲು ಹಾಕಿಲ್ಲ’ ಎನ್ನುತ್ತದೆ. ಡಾಕ್ಯುಮೆಂಟೇಶನ್ ಇದೆ, ನಮ್ಮ ಡೆವಲಪರ್‌ಗಳು ಅದನ್ನೇ ನೋಡಿ ಕೆಲಸ ಮಾಡುತ್ತಾರೆ. ಏಜೆಂಟಿಗೆಂದು ಬೇರೆ ರೀತಿ ಬರೆಯಬೇಕೇ? ಇನ್ನೂ ದೊಡ್ಡ ಮಾಡೆಲ್ ತೆಗೆದುಕೊಂಡರೆ ಸರಿಹೋದೀತೇ? ಒಂದು ಟೂಲಿನ ವಿವರಣೆಯನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ದೊಡ್ಡ ಮಾಡೆಲ್ಲಿನ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ನೀವು ಕಳಿಸಿದ ವಿವರಣೆಯನ್ನು ಓದಿದೆ. ಟೂಲಿನ ಹೆಸರು ‘ಗೆಟ್ ಡೇಟಾ’. ವಿವರಣೆ ಒಂದೇ ಸಾಲು: ‘ಹಾಲಿನ ಮಾಹಿತಿ ಕೊಡುತ್ತದೆ’. ಕರೆಯುವಾಗ ಕೊಡಬೇಕಾದವು ಮೂರು: ಮೆಂಬರ್, ಡೇಟ್, ಟೈಪ್. ಇಷ್ಟನ್ನೇ ಇಟ್ಟುಕೊಂಡು ಈ ಟೂಲನ್ನು ಸರಿಯಾಗಿ ಕರೆಯಲು ನನಗೂ ಆಗುವುದಿಲ್ಲ. ಮೆಂಬರ್ ಎಂದರೆ ಸದಸ್ಯರ ಹೆಸರೋ, ಸಂಘದ ಪುಸ್ತಕದಲ್ಲಿರುವ ಸಂಖ್ಯೆಯೋ, ನಿಮ್ಮ ಡೇಟಾಬೇಸಿನ ಒಳಗಿನ ಸಂಖ್ಯೆಯೋ? ಟೈಪ್ 1 ಎಂದರೆ ಬೆಳಗಿನ ಹಾಲೋ, ಹಸುವಿನ ಹಾಲೋ?

ನಿಮ್ಮ ಡೆವಲಪರ್‌ಗಳು ಇದನ್ನೇ ನೋಡಿ ಕೆಲಸ ಮಾಡುತ್ತಾರೆ ಎಂದಿದ್ದೀರಿ. ಒಂದು ವಾರ ಅವರನ್ನು ಗಮನಿಸಿ. ದಾಖಲೆ ತೆರೆಯುತ್ತಾರೆ, ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಪಕ್ಕದ ಕುರ್ಚಿಯವರನ್ನು ಕೇಳುತ್ತಾರೆ. ‘ಒಂದು ಅಂದ್ರೆ ಬೆಳಗ್ಗೆ, ಎರಡು ಅಂದ್ರೆ ಸಂಜೆ’ ಎಂಬ ಉತ್ತರ ಅಲ್ಲೇ ಸಿಗುತ್ತದೆ, ಕೆಲಸ ಸಾಗುತ್ತದೆ. ಆ ಉತ್ತರ ಮಾತ್ರ ಎಲ್ಲಿಯೂ ಬರಹಕ್ಕೆ ಇಳಿಯುವುದಿಲ್ಲ. ಸಣ್ಣ ಕಂಪನಿಗಳಲ್ಲಿ ನಾನು ಕಂಡಂತೆ ಡಾಕ್ಯುಮೆಂಟೇಶನ್ನಿನ ದೊಡ್ಡ ಪಾಲು ಹೀಗೆ ಬಾಯಿಮಾತಿನಲ್ಲೇ ಇರುತ್ತದೆ. ಏಜೆಂಟಿಗೆ ಪಕ್ಕದ ಕುರ್ಚಿ ಇಲ್ಲ. ಗೊತ್ತಾಗದಿದ್ದಾಗ ಹೊಸ ಹುಡುಗ ನಿಂತು ಕೇಳುವಂತೆ ಅದು ಕೇಳುವುದೂ ಅಪರೂಪ. ಹೆಚ್ಚು ಸರಿ ಅನ್ನಿಸಿದ ಅರ್ಥವನ್ನು ಹಿಡಿದು ಮುಂದೆ ಹೋಗಿಬಿಡುತ್ತದೆ, ಬಂದ ಉತ್ತರವನ್ನು ಸ್ವಲ್ಪವೂ ಅನುಮಾನವಿಲ್ಲದ ದನಿಯಲ್ಲಿ ಹೇಳುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಬರೆಯುವ ರೀತಿ ತೀರ ಬೇರೆಯೇನಲ್ಲ. ಇದುವರೆಗೆ ಬರೆಯದೆಯೂ ನಡೆದುಹೋಗುತ್ತಿದ್ದದ್ದನ್ನು ಇನ್ನು ಬರೆಯಲೇಬೇಕು.

ಮಾಡೆಲ್ ನಿಜವಾಗಿ ಏನನ್ನು ನೋಡುತ್ತದೆ ಎಂಬುದು ಸ್ಪಷ್ಟವಾದರೆ ಮುಂದಿನದು ಸುಲಭ. 2023ರ ಜೂನ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಎಪಿಐಗೆ ಫಂಕ್ಷನ್ ಕಾಲಿಂಗ್ ಸೇರಿಸಿತು, ಅಂದರೆ ಮಾಡೆಲ್ ಹೊರಗಿನ ಟೂಲನ್ನು ಕರೆಯುವ ವ್ಯವಸ್ಥೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿ ನೀವು ಬಳಸುತ್ತಿರುವ ಎಂಸಿಪಿಯನ್ನು, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲನ್ನು, ಬಿಡುಗಡೆ ಮಾಡಿತು. ಎರಡರಲ್ಲೂ ಮಾಡೆಲ್ಲಿಗೆ ಸಿಗುವುದು ಮುಖ್ಯವಾಗಿ ಮೂರೇ: ಟೂಲಿನ ಹೆಸರು, ಮಾತಿನಲ್ಲಿ ಬರೆದ ವಿವರಣೆ, ಮತ್ತು ಒಳಗೆ ಕೊಡಬೇಕಾದ ಮಾಹಿತಿಯ ಸ್ಕೀಮಾ, ಅಂದರೆ ಏನೇನು ಯಾವ ರೂಪದಲ್ಲಿ ಬೇಕೆಂಬ ಪಟ್ಟಿ. ನಿಮ್ಮ ಕೋಡ್, ಡೇಟಾಬೇಸ್, ವಿಕಿ ಪುಟ, ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ, ಯಾವುದೂ ಅದಕ್ಕೆ ಕಾಣಿಸುವುದಿಲ್ಲ. ಯಾವ ಟೂಲ್ ಕರೆಯಬೇಕು, ಏನು ತುಂಬಬೇಕು ಎಂಬ ತೀರ್ಮಾನ ಆ ಕೆಲವು ಸಾಲುಗಳ ಮೇಲೆಯೇ ಆಗುತ್ತದೆ. ನೀವು ಎಪಿಐ ದಾಖಲೆಯಿಂದ ಆ ಸಾಲುಗಳನ್ನು ಹಾಗೆಯೇ ನಕಲು ಮಾಡಿದ್ದೀರಿ ಅನ್ನಿಸುತ್ತದೆ. ಆ ಎಪಿಐ ಬರೆದವರಿಗೆ ಮೊಬೈಲ್ ಆ್ಯಪಿನ ಯಾವ ಪರದೆಯಿಂದ ಯಾವ ಕರೆ ಹೋಗುತ್ತದೆಂದು ಮೊದಲೇ ಗೊತ್ತಿತ್ತು, ಆರಿಸುವ ಪ್ರಶ್ನೆಯೇ ಇರಲಿಲ್ಲ. ಏಜೆಂಟಿಗೆ ಮೊದಲ ಕೆಲಸವೇ ಆರಿಸುವುದು.

ಆದ್ದರಿಂದ 34 ಟೂಲ್‌ಗಳ ಪಟ್ಟಿಯಿಂದಲೇ ಶುರುಮಾಡಿ. ‘ಸದಸ್ಯರ ಮಾಹಿತಿ’, ‘ಸದಸ್ಯರ ವಿವರ’, ‘ರೈತರ ಪ್ರೊಫೈಲ್’ ಎಂಬಂಥ ಮೂರು ಟೂಲ್‌ಗಳು ನಿಮ್ಮಲ್ಲಿ ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ಒಂದನ್ನು ಹಳೆಯ ಆ್ಯಪಿಗೆಂದು, ಒಂದನ್ನು ಹೊಸದಕ್ಕೆಂದು, ಇನ್ನೊಂದನ್ನು ಯಾವುದೋ ವರದಿಗೆಂದು ಮಾಡಿರುತ್ತೀರಿ. ಮಾಡೆಲ್ಲಿಗೆ ಅವು ಮೂರೂ ಒಂದೇ, ಒಂದು ಸಲ ಇದನ್ನು, ಇನ್ನೊಂದು ಸಲ ಅದನ್ನು ಕರೆಯುತ್ತದೆ. ಇಂಥ ಕಡೆ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನ ಕಡಿಮೆ. ಮೂರನ್ನು ಒಂದು ಮಾಡಬೇಕು. ಕಾರ್ಯದರ್ಶಿ ಕೇಳುವ ಪ್ರಶ್ನೆಗಳ ಕಡೆಯಿಂದ ನೋಡಿದರೆ ನಿಮಗೆ ಹತ್ತು ಹನ್ನೆರಡು ಟೂಲ್ ಸಾಕಾಗಬಹುದು. ಪ್ರತಿಯೊಂದರ ಹೆಸರಿನಲ್ಲೂ ಮಾಡುವ ಕೆಲಸ ಮತ್ತು ಯಾವುದರ ಮೇಲೆ ಎಂಬುದು ಎರಡೂ ಇರಲಿ: ‘ಸದಸ್ಯರನ್ನು ಹುಡುಕು’, ‘ಹಾಲಿನ ದಾಖಲೆ ತೋರಿಸು’, ‘ಬಿಲ್ ವಿವರ ತೋರಿಸು’, ‘ಬಟವಾಡೆ ಮಾಡು’. ಒಳಗೆ ಕೊಡುವುದನ್ನೂ ಬರೀ ‘ಮೆಂಬರ್’ ಎನ್ನದೆ ‘ಸದಸ್ಯ ಸಂಖ್ಯೆ’ ಎನ್ನಿ. ಆ ಒಂದು ಹೆಚ್ಚಿನ ಪದದಿಂದಲೇ ಹೆಸರು ತುಂಬಿಸುವ ತಪ್ಪು ಎಷ್ಟೋ ಕಡಿಮೆಯಾಗುತ್ತದೆ.

‘ಗೆಟ್ ಡೇಟಾ’ವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ. ನಿಮ್ಮ ವ್ಯವಸ್ಥೆಯನ್ನು ದೂರದಿಂದ ಊಹಿಸಿಕೊಂಡು ಬರೆದದ್ದು ಇದು, ಅಂಕಿಗಳನ್ನು ನಿಮ್ಮದಕ್ಕೆ ಹೊಂದಿಸಿಕೊಳ್ಳಿ.

‘ಒಬ್ಬ ಸದಸ್ಯರು ಒಂದು ದಿನಾಂಕದಿಂದ ಇನ್ನೊಂದು ದಿನಾಂಕದವರೆಗೆ ಸಂಘಕ್ಕೆ ಹಾಕಿದ ಹಾಲಿನ ದಾಖಲೆ ಕೊಡುತ್ತದೆ. ಒಂದು ಹೊತ್ತಿಗೆ ಒಂದು ಸಾಲು. ಸಾಲಿನಲ್ಲಿ ಪ್ರಮಾಣ (ಲೀಟರ್), ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎಂಬ ಕೊಬ್ಬಲ್ಲದ ಘನಾಂಶ (ಶೇಕಡಾ), ದರ (ಲೀಟರಿಗೆ ರೂಪಾಯಿ) ಇರುತ್ತವೆ. ಇದು ಓದುವ ಟೂಲ್, ಏನನ್ನೂ ಬದಲಿಸುವುದಿಲ್ಲ. ಸದಸ್ಯ ಸಂಖ್ಯೆ ಗೊತ್ತಿಲ್ಲದಿದ್ದರೆ ಮೊದಲು ‘ಸದಸ್ಯರನ್ನು ಹುಡುಕು’ ಬಳಸಬೇಕು. ಕೈಗೆ ಬರುವ ಹಣ ಎಷ್ಟೆಂದು ಹೇಳಲು ಇದನ್ನು ಬಳಸಬಾರದು. ಪಶು ಆಹಾರದ ಕಡಿತ, ಮುಂಗಡ ಇದರಲ್ಲಿ ಸೇರಿಲ್ಲ, ಅದಕ್ಕೆ ‘ಬಿಲ್ ವಿವರ ತೋರಿಸು’ ಇದೆ. ಒಂದು ಸಲಕ್ಕೆ ಹೆಚ್ಚೆಂದರೆ 31 ದಿನ. ಸಂಘದ ಯಂತ್ರ ಸರ್ವರಿಗೆ ದಾಖಲೆ ಕಳಿಸಿದ ಮೇಲಷ್ಟೇ ಆ ಹೊತ್ತಿನ ಸಾಲು ಕಾಣಿಸುತ್ತದೆ. ಅದಕ್ಕೆ ಮುಂಚೆ ಸಾಲು ಇಲ್ಲದಿದ್ದರೆ ಹಾಲು ಹಾಕಿಲ್ಲ ಎಂದು ಅರ್ಥವಲ್ಲ.’

ಇದರಲ್ಲಿ ಮೊದಲ ವಾಕ್ಯವನ್ನು ಯಾರಾದರೂ ಬರೆಯುತ್ತಾರೆ. ಬೆಲೆಬಾಳುವುದು ಆಮೇಲಿನದು: ಯಾವಾಗ ಬಳಸಬಾರದು, ಅದಕ್ಕೆ ಬದಲು ಯಾವುದು, ಬಂದ ಉತ್ತರವನ್ನು ಹೇಗೆ ಓದಬೇಕು. ನಾನು ನೋಡಿದ ಟೂಲ್ ವಿವರಣೆಗಳಲ್ಲಿ ಬಹುಪಾಲು ಕಡೆ ಇಲ್ಲದಿರುವುದು ಈ ಭಾಗವೇ. ನಿಮ್ಮ ಏಜೆಂಟ್ ‘ಹಾಲು ಹಾಕಿಲ್ಲ’ ಎಂದು ಹೇಳುತ್ತಿರುವುದಕ್ಕೂ ಇದೇ ಕಾರಣವಿರಬೇಕು. ಟೂಲ್ ಖಾಲಿ ಪಟ್ಟಿ ಕೊಟ್ಟಿದೆ. ಖಾಲಿ ಪಟ್ಟಿಗೆ ನಿಮ್ಮಲ್ಲಿ ಕನಿಷ್ಠ ನಾಲ್ಕು ಅರ್ಥಗಳಿವೆ: ನಿಜವಾಗಿ ಹಾಲು ಹಾಕಿಲ್ಲ, ದಾಖಲೆ ಇನ್ನೂ ಬಂದಿಲ್ಲ, ಅಂಥ ಸದಸ್ಯ ಸಂಖ್ಯೆಯೇ ಇಲ್ಲ, ದಿನಾಂಕ ತಪ್ಪಾಗಿದೆ. ನಾಲ್ಕಕ್ಕೂ ಒಂದೇ ಖಾಲಿ ಪಟ್ಟಿ ಕೊಟ್ಟು, ಏಜೆಂಟ್ ಸರಿಯಾದದ್ದನ್ನು ಆರಿಸಿಕೊಳ್ಳಲಿ ಎಂದರೆ ಹೇಗಾಗುತ್ತದೆ? ಇಲ್ಲಿ ವಿವರಣೆಯ ಜೊತೆ ಟೂಲನ್ನೂ ತಿದ್ದಬೇಕು. ಸಂಖ್ಯೆ ಇಲ್ಲದಿದ್ದರೆ ಹಾಗೆಂದು ಎರರ್ ಕೊಡಲಿ. ದಾಖಲೆ ಬಂದಿಲ್ಲದಿದ್ದರೆ ‘ಈ ಸಂಘದಿಂದ ಕೊನೆಯ ದಾಖಲೆ ಬಂದದ್ದು ಇಷ್ಟು ಹೊತ್ತಿಗೆ’ ಎಂಬ ಸಾಲನ್ನು ಉತ್ತರದಲ್ಲೇ ಸೇರಿಸಲಿ. ಹಾಲು ಹಾಕಿ ಬಂದ ಹೆಣ್ಣುಮಗಳಿಗೆ ಯಂತ್ರವೊಂದು ‘ನೀನು ಹಾಕಿಲ್ಲ’ ಎಂದರೆ ಆಗುವ ನೋವು ಸಣ್ಣದಲ್ಲ. ಎಲ್ಲಕ್ಕಿಂತ ಮೊದಲು ಇದನ್ನು ಸರಿಪಡಿಸಿ.

ಎರರ್ ಸಂದೇಶಗಳನ್ನು ಡಾಕ್ಯುಮೆಂಟೇಶನ್ನಿನ ಭಾಗ ಎಂದೇ ನಾನು ಎಣಿಸುತ್ತೇನೆ. ಏಜೆಂಟ್ ಅವನ್ನು ಓದಿ ಮುಂದಿನ ಹೆಜ್ಜೆ ಇಡುತ್ತದೆ. ‘ಅಮಾನ್ಯ ಕೋರಿಕೆ, 400’ ಎಂದಷ್ಟೇ ಬಂದರೆ ಏನನ್ನೋ ಬದಲಿಸಿ ಮತ್ತೆ ಕರೆಯುತ್ತದೆ, ಮತ್ತೆ ತಪ್ಪುತ್ತದೆ. ‘ಕೊಟ್ಟ ದಿನಾಂಕ 13-04-2025, ವರ್ಷ-ತಿಂಗಳು-ದಿನ ಎಂಬ ಕ್ರಮ ಬೇಕು, ಉದಾಹರಣೆ 2025-04-13’ ಎಂದು ಬಂದರೆ ಎರಡನೆಯ ಸಲಕ್ಕೇ ಸರಿಮಾಡಿಕೊಳ್ಳುತ್ತದೆ. ಏನು ತಪ್ಪಾಯಿತು, ಏನು ನಿರೀಕ್ಷಿಸಿದ್ದೆವು, ಈಗ ಏನು ಮಾಡಬಹುದು ಎಂಬ ಮೂರೂ ಒಂದು ಎರರಿನಲ್ಲಿರಲಿ. ಎಂಸಿಪಿಯಲ್ಲಿ ಟೂಲ್ ಓಡುವಾಗ ಆದ ತಪ್ಪನ್ನು ಉತ್ತರದೊಳಗೇ ‘ಇದು ಎರರ್’ ಎಂಬ ಗುರುತು ಹಾಕಿ ಹಿಂತಿರುಗಿಸುವ ವ್ಯವಸ್ಥೆ ಇದೆ. ಮಾಡೆಲ್ ಅದನ್ನು ಕಂಡು ತಿದ್ದಿಕೊಳ್ಳಲಿ ಎಂದೇ ಹಾಗೆ ಇಟ್ಟಿದ್ದಾರೆ.

ದಿನಾಂಕದ ಅದಲುಬದಲಿಗೆ ಬರುತ್ತೇನೆ. 03/04/2025 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಮಾಡೆಲ್ ಎರಡೂ ಬಗೆಯ ಬರಹಗಳನ್ನು ಓದಿ ಕಲಿತಿರುತ್ತದೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ವರ್ಷ-ತಿಂಗಳು-ದಿನ ಕ್ರಮವೊಂದನ್ನೇ ಒಪ್ಪಿಕೊಳ್ಳಿ, ಉಳಿದದ್ದನ್ನು ತಿರಸ್ಕರಿಸಿ, ಇದನ್ನು ಸ್ಕೀಮಾದಲ್ಲಿ ಉದಾಹರಣೆ ಸಹಿತ ಬರೆಯಿರಿ. ಇಷ್ಟು ಬಹಳ ಜನ ಮಾಡುತ್ತಾರೆ. ಮರೆಯುವುದು ಸಮಯ ವಲಯವನ್ನು. ನಿಮ್ಮ ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಓಡುತ್ತಿದ್ದರೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಬೆಳಗಿನ 5:30ಕ್ಕೆ ಮುಂಚೆ ಅಳೆದ ಹಾಲು ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ್ದಾಗುತ್ತದೆ. ಐದು ಗಂಟೆಗೇ ಬಾಗಿಲು ತೆರೆಯುವ ಸಂಘವಿದ್ದರೆ ಅದರ ಒಂದೇ ಬೆಳಗು ಎರಡು ದಿನಾಂಕಗಳಲ್ಲಿ ಹಂಚಿಹೋಗುತ್ತದೆ. ನಿಮ್ಮ ಆ್ಯಪ್ ಪರದೆಯ ಮೇಲೆ ತೋರಿಸುವಾಗ ಇದನ್ನು ಸರಿಪಡಿಸಿಕೊಳ್ಳುತ್ತಿರಬಹುದು, ಏಜೆಂಟಿಗೆ ಹೋಗುವ ಕಚ್ಚಾ ಮಾಹಿತಿಯಲ್ಲಿ ಅದು ಹಾಗೇ ಉಳಿದಿರಬಹುದು. ‘ಎಲ್ಲ ದಿನಾಂಕಗಳೂ ಭಾರತೀಯ ಸಮಯದವು’ ಎಂದು ಬರೆಯಿರಿ, ಹಾಗೆ ಬರೆಯುವ ಮೊದಲು ಅದು ನಿಜವೇ ಎಂದು ಕೋಡಿನಲ್ಲಿ ನೋಡಿ. ‘ಇವತ್ತು’, ‘ನಿನ್ನೆ’ ಎಂದು ಕಾರ್ಯದರ್ಶಿ ಕೇಳಿದಾಗ ಇವತ್ತು ಯಾವ ದಿನವೆಂದು ಮಾಡೆಲ್ಲಿಗೆ ತಾನಾಗಿ ಗೊತ್ತಿರುವುದಿಲ್ಲ. ಸಂಭಾಷಣೆಯ ಆರಂಭದಲ್ಲೇ ತಿಳಿಸಬೇಕು.

ಅಳತೆಗಳದ್ದೂ ಇದೇ ಕಥೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಸಂಘದಲ್ಲಿ ತೂಕದ ಯಂತ್ರ, ಬಿಲ್ಲಿನಲ್ಲಿ ಲೀಟರ್ ಎಂದಿದ್ದರೆ, ಯಾವ ಸಂಖ್ಯೆ ಯಾವುದರಲ್ಲಿದೆ ಎಂದು ಬರೆಯದ ಕಡೆ ಏಜೆಂಟ್ ಎರಡನ್ನೂ ಕೂಡಿಸಿ ಒಟ್ಟು ಹೇಳುತ್ತದೆ. ನೂರಕ್ಕೆ ಮೂರರ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ತಿಂಗಳ ಬಿಲ್ಲಿನಲ್ಲಿ ಮಾತ್ರ ಜಗಳ ತರುತ್ತದೆ. ಹಣದಲ್ಲಿ ರೂಪಾಯಿಯೋ ಪೈಸೆಯೋ ಎಂಬುದು ಇನ್ನೂ ದುಬಾರಿ. ರೇಜರ್‌ಪೇಯಂಥ ಪಾವತಿ ಎಪಿಐಗಳಲ್ಲಿ ಮೊತ್ತವನ್ನು ಪೈಸೆಯಲ್ಲೇ ಕೊಡಬೇಕು, 100 ರೂಪಾಯಿಗೆ 10000 ಎಂದು. ನಿಮ್ಮ ಬಟವಾಡೆ ಅಂಥದೊಂದರ ಮೂಲಕ ಹೋಗುತ್ತಿದ್ದರೆ ಒಳಗೆ ಕೊಡುವ ಆ ಮಾಹಿತಿಯ ಹೆಸರನ್ನೇ ‘ಮೊತ್ತ ಪೈಸೆಯಲ್ಲಿ’ ಎಂದಿಡಿ. ವಿವರಣೆಯ ಮೂಲೆಯಲ್ಲಿ ಬರೆದದ್ದು ಕಣ್ತಪ್ಪಬಹುದು, ಹೆಸರಿನಲ್ಲೇ ಇರುವುದು ತಪ್ಪುವುದಿಲ್ಲ. ಬೆಳಗ್ಗೆ, ಸಂಜೆ ಎಂಬ ಎರಡೇ ಮೌಲ್ಯಗಳಿರುವಲ್ಲಿ 1, 2 ಎಂಬ ಗುಟ್ಟಿನ ಅಂಕಿಗಳನ್ನು ಬಿಟ್ಟು ಆ ಪದಗಳನ್ನೇ ಸ್ಕೀಮಾದಲ್ಲಿ ಪಟ್ಟಿ ಮಾಡಿ ಕೊಡಿ. ಸ್ಕೀಮಾ ಬರೆಯಲು ಬಳಸುವ ಜೆಸನ್ ಸ್ಕೀಮಾ (ಜೆಸನ್ ಎಂದರೆ ತಂತ್ರಾಂಶಗಳು ಮಾಹಿತಿ ಕಳಿಸಿಕೊಳ್ಳುವ ಪಠ್ಯರೂಪ) ಇದಕ್ಕೆ ಅವಕಾಶ ಕೊಡುತ್ತದೆ. ಕನಿಷ್ಠ, ಗರಿಷ್ಠ ಮಿತಿಗಳನ್ನೂ ಹಾಕಬಹುದು. ಫ್ಯಾಟ್ 4.1, ಎಸ್‌ಎನ್‌ಎಫ್ 8.5 ಎಂಬುದು ಹಿಂದುಮುಂದಾಗಿ ಬಂದರೆ ಫ್ಯಾಟಿನ ಮಿತಿಯಿಂದ ಅದು ಸಿಕ್ಕಿಬೀಳುವುದಿಲ್ಲ, ಎಮ್ಮೆ ಹಾಲಿನಲ್ಲಿ ಅಷ್ಟು ಫ್ಯಾಟ್ ಇರಬಹುದು. ಎಸ್‌ಎನ್‌ಎಫ್ 4.1 ಮಾತ್ರ ನೀರು ಬೆರೆಸದ ಹಾಲಿನಲ್ಲಿ ಬರುವುದಿಲ್ಲ, ಮಿತಿ ಹಾಕಬೇಕಾದದ್ದು ಅಲ್ಲಿ. ಇಂಥದ್ದು ಕೆಲಸ ಬಲ್ಲವರಿಗೆ ಮಾತ್ರ ಗೊತ್ತಿರುತ್ತದೆ. ಅದಕ್ಕೇ ವಿವರಣೆ ಬರೆಯುವಾಗ ಹಳೆಯ ಕಾರ್ಯದರ್ಶಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಎನ್ನುತ್ತೇನೆ.

ಬರೆಯುತ್ತಾ ಹೋದಂತೆ ಕೆಲವು ಕಡೆ ‘ಇದನ್ನು ವಿವರಿಸುವುದಕ್ಕಿಂತ ಬದಲಿಸುವುದೇ ಸುಲಭ’ ಅನ್ನಿಸುತ್ತದೆ. ಅನ್ನಿಸಿದಾಗ ಬದಲಿಸಿ. ಆಂಥ್ರೋಪಿಕ್‌ನವರು ಕೋಡ್ ತಿದ್ದುವ ಏಜೆಂಟ್ ಕಟ್ಟುವಾಗ ಆದದ್ದನ್ನು 2024ರ ಡಿಸೆಂಬರ್‌ನಲ್ಲಿ ಬರೆದಿದ್ದಾರೆ. ಏಜೆಂಟ್ ಬೇರೆ ಫೋಲ್ಡರಿಗೆ ಹೋದ ಮೇಲೆ, ಈಗಿರುವ ಜಾಗದಿಂದ ಲೆಕ್ಕ ಹಾಕುವ ಫೈಲ್ ವಿಳಾಸಗಳನ್ನು ತಪ್ಪಾಗಿ ಕೊಡುತ್ತಿತ್ತು. ಯಾವಾಗಲೂ ಮೂಲದಿಂದ ಆರಂಭವಾಗುವ ಪೂರ್ಣ ವಿಳಾಸವನ್ನೇ ಕೊಡಬೇಕು ಎಂದು ಟೂಲನ್ನು ಬದಲಿಸಿದರು, ತಪ್ಪು ನಿಂತಿತು. ಮುಖ್ಯ ಪ್ರಾಂಪ್ಟಿಗಿಂತ (ಮಾಡೆಲ್ಲಿಗೆ ಬರೆದು ಕೊಡುವ ಸೂಚನೆಗಿಂತ) ಟೂಲ್‌ಗಳನ್ನು ತಿದ್ದಲು ಹೆಚ್ಚು ಹೊತ್ತು ಕಳೆದೆವು ಎಂದೂ ಅವರು ಹೇಳಿದ್ದಾರೆ. ನನ್ನ ಅನುಭವವೂ ಅದೇ.

ಈಗ ಬಟವಾಡೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲ ವರ್ಷಗಳ ಹಿಂದೆ ನಾನು ಸಲಹೆ ಕೊಡುತ್ತಿದ್ದ ಒಂದು ಕಂಪನಿಯಲ್ಲಿ ಗ್ರಾಹಕರಿಗೆ ಸಂದೇಶ ಕಳಿಸುವ ಟೂಲ್ ಇತ್ತು. ಸಂದೇಶ ಹೋಗುತ್ತಿತ್ತು, ಹೋಯಿತೆಂಬ ಉತ್ತರ ತಡವಾಗಿ ಬಂದು ‘ಕಾಲಮಿತಿ ಮೀರಿತು’ ಎಂಬ ಎರರ್ ಕಾಣಿಸುತ್ತಿತ್ತು. ಹಾಗೆ ಕಂಡರೂ ಸಂದೇಶ ಹೋಗಿರುತ್ತದೆ, ಮತ್ತೆ ಒತ್ತಬಾರದು ಎಂದು ಅಲ್ಲಿನ ಹಳಬರಿಗೆಲ್ಲ ಗೊತ್ತಿತ್ತು. ಬರೆದಿರಲಿಲ್ಲ. ವಿವರಣೆ ಪರಿಶೀಲಿಸಿ ಒಪ್ಪಿಗೆ ಕೊಟ್ಟವನು ನಾನೇ, ನನಗೂ ಕೇಳಬೇಕೆಂದು ಹೊಳೆಯಲಿಲ್ಲ. ಏಜೆಂಟ್ ಎರರ್ ಕಂಡು ಮತ್ತೆ ಕರೆಯಿತು, ಮತ್ತೆ ಕರೆಯಿತು. ಜನರಿಗೆ ಒಂದೇ ಸಂದೇಶ ಮೂರು ಸಲ ಹೋಯಿತು. ಸಂದೇಶದ ಜಾಗದಲ್ಲಿ ಹಣವಿದ್ದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂದಿನಿಂದ ಏನನ್ನಾದರೂ ಬದಲಿಸುವ ಪ್ರತಿ ಟೂಲಿಗೂ ಮೂರು ಪ್ರಶ್ನೆಗೆ ಉತ್ತರ ಬರೆಸುತ್ತೇನೆ: ಎರಡು ಸಲ ಕರೆದರೆ ಏನಾಗುತ್ತದೆ? ನಡುವೆ ನಿಂತರೆ ಎಷ್ಟು ಆಗಿರುತ್ತದೆ? ಹಿಂದಕ್ಕೆ ಪಡೆಯಬಹುದೇ? ಬಟವಾಡೆಗೆ ಪ್ರತಿ ಸಲ ಒಂದು ವಿಶಿಷ್ಟ ಸಂಖ್ಯೆ ಕೊಡುವಂತೆ ಮಾಡಿ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಹಣ ಕಳಿಸದೆ ಹಳೆಯ ಫಲಿತಾಂಶವನ್ನೇ ತೋರಿಸಲಿ. ಸ್ಟ್ರೈಪ್‌ನಂಥ ಪಾವತಿ ಸಂಸ್ಥೆಗಳು ಬಹಳ ಹಿಂದೆಯೇ ಈ ವ್ಯವಸ್ಥೆ ಮಾಡಿಕೊಂಡಿವೆ. ಆಮೇಲೆ ವಿವರಣೆಯಲ್ಲಿ ಬರೆಯಿರಿ: ‘ಕಾಲಮಿತಿ ಮೀರಿದರೆ ಮತ್ತೆ ಕರೆಯಬಾರದು, ಮೊದಲು ‘ಬಟವಾಡೆ ಸ್ಥಿತಿ’ ನೋಡಬೇಕು.’

ಹಾಗೆಂದು ವಿವರಣೆಯನ್ನು ಬೀಗ ಎಂದು ನಂಬಬೇಡಿ. ‘ಕಾರ್ಯದರ್ಶಿಯ ಒಪ್ಪಿಗೆ ಇಲ್ಲದೆ ಬಟವಾಡೆ ಮಾಡಬಾರದು’ ಎಂದು ಬರೆಯುವುದು ಸರಿ. ಆ ಒಪ್ಪಿಗೆಯನ್ನು ಕೇಳುವ, ಇಲ್ಲದಿದ್ದರೆ ನಿಲ್ಲಿಸುವ ಕೆಲಸ ಕೋಡಿನಲ್ಲೇ ಆಗಬೇಕು. ಎಂಸಿಪಿಯಲ್ಲಿ ಟೂಲಿಗೆ ‘ಇದು ಓದುವುದು ಮಾತ್ರ’, ‘ಇದು ಅಳಿಸಬಹುದು’ ಎಂಬ ಸೂಚನೆ ಅಂಟಿಸಬಹುದು, ಅಂಟಿಸಿ. ಆದರೆ ಅವು ಸೂಚನೆಗಳಷ್ಟೇ, ನಂಬಿಕಸ್ಥ ಸರ್ವರಿನಿಂದ ಬರದ ಸೂಚನೆಗಳನ್ನು ನಂಬಬಾರದು ಎಂದು ಆ ಪ್ರೋಟೊಕಾಲೇ ಹೇಳುತ್ತದೆ. ಇನ್ನೊಂದು: ಟೂಲ್ ಹಿಂತಿರುಗಿಸುವ ಪಠ್ಯದಲ್ಲಿ ಹೊರಗಿನವರು ಬರೆದದ್ದು ಇದ್ದರೆ, ನಿಮ್ಮಲ್ಲಿ ‘ಷರಾ’ ಎಂಬ ಕಾಲಂ ಇರಬಹುದು ಅಂಥದ್ದು, ಅದರಲ್ಲಿ ಆಜ್ಞೆಯಂತೆ ಬರೆದ ಮಾತನ್ನು ಏಜೆಂಟ್ ಪಾಲಿಸಿಬಿಡುವ ಅಪಾಯವಿದೆ. 2022ರಲ್ಲಿ ಸೈಮನ್ ವಿಲಿಸನ್ ಎಂಬ ಪ್ರೋಗ್ರಾಮರ್ ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂದು ಹೆಸರಿಟ್ಟರು, ಪೂರ್ಣ ಪರಿಹಾರ ಇನ್ನೂ ಇಲ್ಲ. ಹಣ ಕಳಿಸುವ ಟೂಲಿನ ಮುಂದೆ ಮನುಷ್ಯರೊಬ್ಬರ ಒಪ್ಪಿಗೆ ಇರಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಕೇಳಿಯೇ ಕೇಳುತ್ತೀರಿ. ವಿವರಣೆಯ ಮೈ ಇಂಗ್ಲಿಷಿನಲ್ಲಿದ್ದರೆ ಅಡ್ಡಿಯಿಲ್ಲ, ಜಾಗವೂ ಉಳಿಯುತ್ತದೆ: ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ 3 ಬೈಟ್ ಬೇಕು, ಇಂಗ್ಲಿಷಿನದಕ್ಕೆ ಒಂದು, ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು) ಲೆಕ್ಕದಲ್ಲೂ ಕನ್ನಡ ಸಾಮಾನ್ಯವಾಗಿ ಹೆಚ್ಚು ತೆಗೆದುಕೊಳ್ಳುತ್ತದೆ. ಆದರೆ ಜನ ಆಡುವ ಪದಗಳನ್ನು ಕನ್ನಡದಲ್ಲೇ, ಅವರು ಆಡುವಂತೆಯೇ ಸೇರಿಸಿ. ನಿಮ್ಮ ಕಾರ್ಯದರ್ಶಿ ‘ಪೇಮೆಂಟ್’ ಎನ್ನುವುದಿಲ್ಲ, ‘ಬಟವಾಡೆ ಆತೇನು?’ ಎನ್ನುತ್ತಾರೆ. ‘ಫೀಡ್ ಕಟ್ಟಾಗಿದ್ದು ಎಷ್ಟು?’ ಎಂದರೆ ಪಶು ಆಹಾರದ ಕಡಿತ. ‘ಹೊತ್ತು’ ಎಂದರೆ ನಿಮ್ಮ ತಂತ್ರಾಂಶದ ‘ಶಿಫ್ಟ್’. ಯಾವ ಪದಕ್ಕೆ ಯಾವ ಟೂಲ್ ಎಂದು ಒಂದು ಸಣ್ಣ ಪದಪಟ್ಟಿ ಕೊಟ್ಟರೆ ತಪ್ಪು ಟೂಲಿನ ಕಾಟ ನೀವು ನೆನೆಸಿದ್ದಕ್ಕಿಂತ ಬೇಗ ಇಳಿಯುತ್ತದೆ. ಹೆಸರುಗಳ ಬಗ್ಗೆಯೂ ಬರೆಯಿರಿ. ಬಸವರಾಜ, ಬಸವರಾಜ್, ಬಸವರಾಜು ಎಂದು ಮೂರು ಬಗೆಯಲ್ಲಿ ದಾಖಲಾಗಿರುತ್ತದೆ, ಒಂದೇ ಊರಿನಲ್ಲಿ ಆ ಹೆಸರಿನವರು ನಾಲ್ವರು ಇರುತ್ತಾರೆ. ಹುಡುಕುವ ಟೂಲ್ ತಂದೆಯ ಹೆಸರು, ಸದಸ್ಯ ಸಂಖ್ಯೆ ಸಹಿತ ಎಲ್ಲರನ್ನೂ ಕೊಡಲಿ. ‘ಒಬ್ಬರಿಗಿಂತ ಹೆಚ್ಚು ಜನ ಸಿಕ್ಕರೆ ಮೊದಲನೆಯವರನ್ನು ತೆಗೆದುಕೊಳ್ಳಬಾರದು, ಯಾರೆಂದು ಕೇಳಬೇಕು’ ಎಂದು ವಿವರಣೆಯಲ್ಲಿರಲಿ. ಹಾಗೆ ಬರೆದಿದ್ದರೆ ಏಜೆಂಟ್ ನಿಂತು ಕೇಳುತ್ತದೆ. ಕನ್ನಡ ಅಂಕಿಗಳನ್ನೂ ನೆನಪಿಡಿ: ಜೆಸನ್ನಿನ ಸಂಖ್ಯೆಗಳಲ್ಲಿ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳು ಮಾತ್ರ ಸಲ್ಲುತ್ತವೆ, ‘೧೨’ ಎಂದು ಬಂದರೆ ಒಡೆಯುತ್ತದೆ.

ಇಷ್ಟೆಲ್ಲ ಬರೆದರೆ ಉದ್ದವಾಗುವುದಿಲ್ಲವೇ? ಆಗುತ್ತದೆ, ಅದಕ್ಕೆ ಬೆಲೆಯೂ ಇದೆ. ಟೂಲ್‌ಗಳ ವಿವರಣೆಗಳು ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ ಮಾಡೆಲ್ಲಿನ ಮುಂದೆ ಇರುತ್ತವೆ, ಅಷ್ಟು ಜಾಗ ತಿನ್ನುತ್ತವೆ. 34 ಟೂಲಿಗೂ ಒಂದೊಂದು ಪುಟ ಬರೆದರೆ ಮುಖ್ಯವಾದದ್ದು ಮುಚ್ಚಿಹೋಗುತ್ತದೆ. ಟೂಲ್ ಕಡಿಮೆ ಮಾಡಿ ಎಂದದ್ದು ಇದಕ್ಕೂ ಸೇರಿ. ತಪ್ಪಿದರೆ ಹಣ, ಮಾನ, ದತ್ತಾಂಶ ಹೋಗುವ ಕಡೆ ನಾಲ್ಕು ಸಾಲು ಹೆಚ್ಚು ಬರೆಯಿರಿ. ಇವತ್ತಿನ ದರ ತೋರಿಸುವ ಟೂಲಿಗೆ ಎರಡು ಸಾಲು ಸಾಕು. ದರಪಟ್ಟಿಯ ಲೆಕ್ಕಾಚಾರದಂಥ ಉದ್ದನೆಯ ವಿಷಯವನ್ನು ಬೇರೆ ಕಡತದಲ್ಲಿಟ್ಟು, ಬೇಕಾದಾಗ ಓದಲು ಹೇಳಬಹುದು. ಟೂಲ್ ಕೊಡುವ ಉತ್ತರವನ್ನೂ ಹೀಗೇ ಮಿತಿಯಲ್ಲಿಡಿ. ಒಂದು ವರ್ಷದ ಸಾಲುಗಳನ್ನೆಲ್ಲ ಒಮ್ಮೆಲೇ ಸುರಿಯುವ ಬದಲು 31 ದಿನದ್ದನ್ನು ಕೊಟ್ಟು, ‘ಇನ್ನೂ ಇದೆ, ಮುಂದಿನದಕ್ಕೆ ಈ ದಿನಾಂಕದಿಂದ ಕೇಳಿ’ ಎನ್ನಲಿ.

ವಿವರಣೆ ಮತ್ತು ಕೋಡ್ ಬೇರೆ ಬೇರೆ ಕಡೆ ಇದ್ದರೆ ಮೂರು ತಿಂಗಳಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಪೈಥಾನ್ ಬಳಸುತ್ತಿದ್ದರೆ ಎಂಸಿಪಿಯ ಲೈಬ್ರರಿ ಫಂಕ್ಷನ್ನಿನ ಒಳಗೆ ಆರಂಭದಲ್ಲಿ ಬರೆದ ವಿವರಣೆಯ ಮಾತಿನಿಂದಲೂ ಟೈಪ್ ಗುರುತುಗಳಿಂದಲೂ ವಿವರಣೆ ಮತ್ತು ಸ್ಕೀಮಾವನ್ನು ತಾನೇ ತಯಾರಿಸುತ್ತದೆ. ಅದನ್ನೇ ಬಳಸಿ. ಗೊತ್ತಿರುವ ದೋಷಗಳನ್ನೂ ಬರೆಯಿರಿ. ಕೆನ್ ಥಾಂಪ್ಸನ್, ಡೆನಿಸ್ ರಿಚಿ 1971ರ ನವೆಂಬರ್‌ನಲ್ಲಿ ತಾವು ಕಟ್ಟಿದ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಮೊದಲ ಕೈಪಿಡಿ ತಂದಾಗ ಅದರಲ್ಲಿ ಹೆಸರು, ಬಳಸುವ ಬಗೆ, ವಿವರಣೆಗಳ ಜೊತೆ ‘ಬಗ್ಸ್’ ಎಂಬ ಭಾಗವೂ ಇತ್ತು. ನಮ್ಮ ಪ್ರೋಗ್ರಾಂ ಇಲ್ಲಿ ತಪ್ಪುತ್ತದೆ ಎಂದು ಬರೆದವರೇ ಮುಂಚಿತವಾಗಿ ಹೇಳಿದ್ದರು. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ‘ರಾತ್ರಿ ಬಿಲ್ ತಯಾರಾಗುವ ಹೊತ್ತಿನಲ್ಲಿ ಈ ಟೂಲ್ ಹಳೆಯ ಮೊತ್ತ ತೋರಿಸಬಹುದು’ ಎಂಬ ಒಂದು ಸಾಲು ಏಜೆಂಟಿಗೂ ಉಪಕಾರಿ, ನಾಳೆ ನಿಮ್ಮಲ್ಲಿ ಸೇರುವ ಹುಡುಗಿಗೂ ಉಪಕಾರಿ.

ಬರೆದು ಮುಗಿಸಿದ ಮೇಲೆ ನಿಜವಾದ ಕೆಲಸ ಶುರು. ಕಾರ್ಯದರ್ಶಿಗಳು ಕೇಳಿದ ಪ್ರಶ್ನೆಗಳಲ್ಲಿ ಇಪ್ಪತ್ತನ್ನು ಅವರ ಮಾತಿನಲ್ಲೇ ಆರಿಸಿ. ಸರಿಯುತ್ತರ ಏನೆಂದು ಮೊದಲೇ ಬರೆದಿಡಿ. ಪರೀಕ್ಷೆಗೆಂದು ಇಟ್ಟ ಬೇರೆ ಡೇಟಾಬೇಸಿನ ಮೇಲೆ ಏಜೆಂಟನ್ನು ಓಡಿಸಿ, ಪ್ರತಿ ಪ್ರಶ್ನೆಯನ್ನೂ ಮೂರು ನಾಲ್ಕು ಸಲ ಕೇಳಿ, ಏಕೆಂದರೆ ಪ್ರತಿ ಸಲ ಒಂದೇ ದಾರಿ ಹಿಡಿಯುವುದಿಲ್ಲ. ಕೊನೆಯ ಉತ್ತರವನ್ನಷ್ಟೇ ನೋಡದೆ ಅದು ಕರೆದ ಟೂಲ್‌ಗಳು, ತುಂಬಿದ ಮಾಹಿತಿ, ಕಂಡ ಎರರ್ ಎಲ್ಲವನ್ನೂ ಮೊದಲಿನಿಂದ ಓದಿ. ಎಲ್ಲಿ ಊಹಿಸಿತು ಎಂದು ಹುಡುಕಿ, ಆ ಜಾಗದ ಸಾಲನ್ನು ತಿದ್ದಿ, ಮತ್ತೆ ಇಪ್ಪತ್ತನ್ನೂ ಓಡಿಸಿ; ಒಂದನ್ನು ತಿದ್ದಿದಾಗ ಇನ್ನೊಂದು ಕೆಡುವುದುಂಟು. ಇದು ಬೇಸರದ ಕೆಲಸ ಎಂದು ಕಿರಿಯರು ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ನಮ್ಮ ಬರಹವನ್ನು ಇಷ್ಟು ಅಕ್ಷರಶಃ ಓದಿ, ಎಲ್ಲಿ ಬಿಟ್ಟೆವೆಂದು ತೋರಿಸುವ ಓದುಗ ಬೇರೆಲ್ಲೂ ಸಿಗುವುದಿಲ್ಲ.

ದೊಡ್ಡ ಮಾಡೆಲ್ಲಿನ ಪ್ರಶ್ನೆಗೆ ಉತ್ತರ ಈ ಓದಿನಲ್ಲೇ ಸಿಗುತ್ತದೆ. ಉಳಿದ ತಪ್ಪುಗಳನ್ನು ಎರಡು ಗುಂಪು ಮಾಡಿ. ಬೇಕಾದ ಮಾಹಿತಿ ವಿವರಣೆಯಲ್ಲೇ ಇರಲಿಲ್ಲ ಎಂಬವು ಒಂದು ಕಡೆ. ಎಲ್ಲ ಸ್ಪಷ್ಟವಾಗಿ ಬರೆದಿದ್ದರೂ ಏಜೆಂಟ್ ತಪ್ಪಿತು ಎಂಬವು ಇನ್ನೊಂದು ಕಡೆ. ಮೊದಲ ಗುಂಪಿನದನ್ನು ಯಾವ ಮಾಡೆಲ್ ತಂದರೂ ಸರಿಪಡಿಸಲಾಗದು, ಟೈಪ್ 1 ಎಂದರೆ ಬೆಳಗ್ಗೆ ಎಂದು ಅದಕ್ಕೆ ಹೇಳುವವರು ನೀವೇ. ಎರಡನೆಯ ಗುಂಪು ದೊಡ್ಡದಾಗಿ ಉಳಿದರೆ ಆಗ ಮಾಡೆಲ್ ಬದಲಿಸಿ, ಅದೇ ಇಪ್ಪತ್ತು ಪ್ರಶ್ನೆಗಳನ್ನು ಓಡಿಸಿ ಹೋಲಿಸಿ. ಅಲ್ಲಿಯವರೆಗೆ ಬಟವಾಡೆ ಟೂಲನ್ನು ಏಜೆಂಟಿನ ಕೈಯಿಂದ ತೆಗೆದು, ಓದುವ ಟೂಲ್‌ಗಳನ್ನು ಮಾತ್ರ ಬಿಟ್ಟಿರಿ.